ಮೈದಾನದಲ್ಲಿ ಅಪ್ಪ ಇಲ್ಲ

ಮಾರ್ಚ್ 23, ಭಾನುವಾರ

ಈ ಡೈರಿಯನ್ನು ನಮ್ಮ ಕಾರ್ಖಾನೆಗೆ ಆಯಿಲು, ಗ್ರೀಸು ಕೊಡುವವರು ಹೊಸ ವರ್ಷಕ್ಕೆಂದು ಹಂಚಿದ್ದರು. ಇಷ್ಟು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ನನಗೆ ಬರೆಯುವ ಚಟವಿಲ್ಲ, ಹೇಳುವ ಚಟ. ಆಳಂದ ಕಡೆಯ ನಮ್ಮ ಊರಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ಕುದುರೆ ಏರುತ್ತಿದ್ದ ರಾಜಕುಮಾರ ಒಂದು ಕಾಲು ರಿಕಾಪಿನಲ್ಲಿಟ್ಟು ಹಾಗೇ ನಿಂತುಬಿಡುವನು. ಮದುವೆಯಾದ ಮೇಲೆ ನನ್ನ ಕಥೆಗಳಿಗೆಲ್ಲ ಹೂಂಗುಟ್ಟಿದವಳು ಶಿವಕಾಂತಾ, ರೊಟ್ಟಿ ತಟ್ಟುತ್ತಲೇ. ಹೋದ ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು. ಈಗ ದಿನದ ಸುದ್ದಿ ದಿನವೇ ಹೊರಗೆ ಬೀಳದೆ ಹೊಟ್ಟೆಯಲ್ಲಿ ಉಳಿಯುತ್ತದೆ. ಅದಕ್ಕೇ ಈ ಡೈರಿ.

ಸುದ್ದಿ ಏನೆಂದರೆ, ಹತ್ತನೆಯ ಪರೀಕ್ಷೆ ಮುಗಿದು ದೊಡ್ಡ ಹುಡುಗಿಯರು ಮೈದಾನಕ್ಕೆ ಮರಳಿದರು. ಹೆಚ್ಚಿನವರು ನಮ್ಮ ಕಡೆಯವರೇ, ಇಲ್ಲಿ ಮರಾಠಿ ನಾಡಿನ ಭೋಸರಿಯ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರ ಮಕ್ಕಳು. ನಾನು ಕಲಿಸುವ ತಂಡದ ಹೆಸರು ಭೀಮಾ ಬಾಸ್ಕೆಟ್‌ಬಾಲ್ ಕ್ಲಬ್. ಹೆಸರಿಟ್ಟವಳು ಶಿವಕಾಂತಾ. ಭೀಮಾ ನದಿ ಈ ಕಡೆಯ ಗುಡ್ಡದಲ್ಲಿ ಹುಟ್ಟಿ ನಮ್ಮ ಜಿಲ್ಲೆಗೆ ಹರಿದು ಹೋಗುತ್ತದೆ, ನಾವು ಅದರ ಗುಂಟ ಮೇಲಕ್ಕೆ ಬಂದವರು ಎಂದು ಅವಳ ವಾದ.

ಹನ್ನೊಂದನೇ ನಂಬರಿನ ಶೀತಲ ತಡವಾಗಿ ಬಂದಳು. ಮನೆಯಲ್ಲಿ ಇಬ್ಬರ ರೊಟ್ಟಿ ಮಾಡಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ತಡವಾಯಿತಂತೆ. ತಡವಾದವರಿಗೆ ಮೈದಾನದ ಒಂದು ಸುತ್ತು ಓಟ. ಅವಳಿಗೆ ಎರಡು. ಅವಳು ನನ್ನ ಮಗಳು, ಅದಕ್ಕೇ ಎರಡು. ಏಳು ವರ್ಷದ ಹಿಂದೆ ಅವಳ ಕೈಗೆ ಮೊದಲ ಸಲ ಚೆಂಡು ಕೊಟ್ಟಾಗಲೇ ಹೇಳಿದ್ದೇನೆ: ಮೈದಾನದಲ್ಲಿ ಅಪ್ಪ ಇಲ್ಲ, ಸರ್ ಇದ್ದಾನೆ. ಮಗಳಿಗೆ ಸಲಿಗೆ ಕೊಟ್ಟ ಎಂದು ಯಾರೂ ಬೆರಳು ತೋರಿಸಬಾರದು. ಇವತ್ತಿನವರೆಗೆ ಯಾರೂ ತೋರಿಸಿಲ್ಲ.

ಒಂದು ತೊಡಕಿದೆ. ಬಾರಾಮತಿಯ ಟೂರ್ನಮೆಂಟಿಗೆ ಹುಡುಗಿಯರನ್ನು ಕಳಿಸಲು ತಾಯಂದಿರು ಹಿಂದೆ ಮುಂದೆ ನೋಡುತ್ತಿದ್ದಾರೆ. ಜೊತೆಗೆ ಹೆಂಗಸರು ಯಾರು ಎಂದು ಕೇಳುತ್ತಾರೆ. ಮೊದಲು ಶಿವಕಾಂತಾ ಇರುತ್ತಿದ್ದಳು. ಮ್ಯಾನೇಜರ್ ಎಂದು ಹೆಸರು. ಜಡೆ ಹಾಕುವುದು, ರೊಟ್ಟಿಗೆ ಸೇಂಗಾ ಹಿಂಡಿ ಕಟ್ಟಿಕೊಂಡು ಬರುವುದು, ಹೊಟ್ಟೆನೋವು ಎಂದವರಿಗೆ ಬಿಸಿನೀರು ಹುಡುಕುವುದು ಕೆಲಸ. ನಮ್ಮ ಬೆಂಚಿನ ಎಡತುದಿ ಅವಳ ಜಾಗ. ಎದುರಾಳಿ ಫೌಲ್ ಮಾಡಿದಾಗ ನಮ್ಮ ಹುಡುಗಿ ಗೆರೆಯ ಮೇಲೆ ಒಬ್ಬಳೇ ನಿಂತು, ಯಾರೂ ಅಡ್ಡ ಬಾರದೆ, ರಿಂಗಿಗೆ ಚೆಂಡು ಹಾಕಬೇಕು. ಫ್ರೀ ಥ್ರೋ ಎನ್ನುತ್ತಾರೆ. ಆಗ ಇಡೀ ಅಂಗಳ ಸುಮ್ಮನಾಗುತ್ತದೆ. ಶೀತಲಳ ಸರದಿ ಬಂದರೆ ಶಿವಕಾಂತಾಳಿಗೆ ನೋಡುವ ಧೈರ್ಯ ಸಾಲದು, ಸೆರಗಿನಿಂದ ಮುಖ ಮುಚ್ಚಿಕೊಳ್ಳುವಳು. ತಂಡಕ್ಕೆಲ್ಲ ಅದೊಂದು ನಗೆ.

ಕೊನೆಗೆ ಪಕ್ಕದ ಓಣಿಯ ಅವ್ವಮ್ಮ ಬರಲು ಒಪ್ಪಿದಳು. ಅರವತ್ತು ದಾಟಿದ ವಿಧವೆ, ಬಾಯಿಗೆ ಬೀಗವಿಲ್ಲ.

“ನಂಗ ಆಟ ತಿಳೀತದೇನಪಾ?” ಎಂದಳು.

“ತಿಳೀಲಿಕ್ಕೇ ಬೇಕಂತ ಇಲ್ಲ ಅವ್ವಮ್ಮ. ಕೂತ್ರ ಸಾಕು.”

“ಕೂಡೂದು ಬರ್ತದ ಬಿಡು.”

ಏಪ್ರಿಲ್ 13, ಭಾನುವಾರ

ಬಾರಾಮತಿ. ಸೆಮಿಫೈನಲಿನಲ್ಲಿ ಸೋತೆವು, 37–38.

ಹೋಗುವಾಗ ಬಹಳ ಚೆನ್ನಾಗಿತ್ತು. ಶಾಲೆಯ ವ್ಯಾನು ಓಡಿಸುವ ಮಾಂತು ಅದರಲ್ಲೇ ಕರೆದುಕೊಂಡು ಹೋದ. ವಾರವೆಲ್ಲ ಚಿಕ್ಕ ಮಕ್ಕಳನ್ನು ಹೊರುವ ವ್ಯಾನು, ಭಾನುವಾರ ನಮ್ಮದು. ಅವನ ಮಗಳು ದೀಪಾಲಿ ನಮ್ಮ ನಾಯಕಿ, ಶೀತಲಳ ಜೀವದ ಗೆಳತಿ. ದಾರಿಯ ಎರಡೂ ಕಡೆ ಕಬ್ಬು. ನಾನು ಏಳು ಸಮುದ್ರದಾಚೆಯ ಗಿಣಿಯ ಕಥೆ ತೆಗೆದೆ. ದೀಪಾಲಿ ಹೂಂಗುಟ್ಟಿದಳು, ಹಿಂದಿನ ಸೀಟಿನಿಂದ ಅವ್ವಮ್ಮ ಗಿಣಿಯ ಪರವಾಗಿ ವಾದ ಮಾಡಿದಳು. ಶೀತಲ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಮೊದಲೆಲ್ಲ ಕಥೆಗೆ ಎಲ್ಲರಿಗಿಂತ ಮುಂದೆ ಕೂಡುತ್ತಿದ್ದವಳು. ವಯಸ್ಸು.

ಅವ್ವಮ್ಮ ಮೊದಲ ಆಟದಲ್ಲೇ ಎದ್ದು ನಿಂತು ರೆಫರಿಗೆ ಬುದ್ಧಿ ಹೇಳಿದಳು. “ಏ ತಮ್ಮಾ, ಗಳಿಗಿಗೊಮ್ಮೆ ಸೀಟಿ ಯಾಕ ಊದ್ತಿ? ಹುಡುಗ್ಯಾರು ಆಡ್ಲಾಕತ್ತಾರ, ಆಡ್ಲಿ ಬಿಡು.” ಆ ಮರಾಠಿ ಹುಡುಗ ಅದನ್ನು ಆಶೀರ್ವಾದ ಎಂದು ತಿಳಿದು ಕೈ ಮುಗಿದ.

ಇನ್ನು ಸೋಲಿನ ವಿಚಾರ. ಕೊನೆಯ ಗಳಿಗೆಯಲ್ಲಿ ಶೀತಲಳಿಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದರೂ ಸಮ, ಎರಡೂ ಬಿದ್ದರೆ ಗೆಲುವು. ಎರಡೂ ರಿಂಗಿನ ಮುಂಭಾಗಕ್ಕೆ ಬಡಿದು ಬಿದ್ದವು. ತಪ್ಪು ಎಲ್ಲಿದೆ ಎಂದು ಗಮನಿಸಿದ್ದೇನೆ. ಚೆಂಡು ಎತ್ತುವ ಮೊದಲು ಅವಳು ನಮ್ಮ ಬೆಂಚಿನ ಎಡಗಡೆ ನೋಡುತ್ತಾಳೆ. ಅಲ್ಲಿ ನೋಡಲಿಕ್ಕೆ ಏನಿದೆ? ಅವ್ವಮ್ಮ ಕೂಡ ಅಲ್ಲಿ ಕೂಡುವುದಿಲ್ಲ, ಆ ಜಾಗ ಖಾಲಿ ಬಿಟ್ಟು ನಡುವೆ ಕೂಡುತ್ತಾಳೆ. ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ ಮಂಡಿ ಬಗ್ಗುವುದಿಲ್ಲ, ಚೆಂಡಿಗೆ ಬಲ ಬರುವುದಿಲ್ಲ. ಇದು ಗಮನದ ದೋಷ, ಅಭ್ಯಾಸದಿಂದ ಹೋಗುತ್ತದೆ.

ಎಲ್ಲರೂ ವ್ಯಾನು ಹತ್ತಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿ ಫ್ರೀ ಥ್ರೋ ಹಾಕಿಸಿದೆ. ಬೇರೆ ಹುಡುಗಿಯಾಗಿದ್ದರೆ ನಾಳೆ ನೋಡೋಣ ಎನ್ನುತ್ತಿದ್ದೆ. ಮಾಂತು ಎಂಜಿನ್ ಬಂದ್ ಮಾಡಿ ಕಾದ. ಅಲ್ಲಿ ಯಾರೂ ಇರಲಿಲ್ಲ. ಒಂದರ ಹಿಂದೆ ಒಂದು, ಎಲ್ಲವನ್ನೂ ಹಾಕಿದಳು.

ಏಪ್ರಿಲ್ 24, ಗುರುವಾರ

ಬೆಳಗಿನ ಅಭ್ಯಾಸದಲ್ಲಿ ಶೀತಲಳ ಫ್ರೀ ಥ್ರೋ ಹತ್ತಕ್ಕೆ ಒಂಬತ್ತು ಬೀಳುತ್ತವೆ. ಅಂದರೆ ಕೈ ಸರಿಯಿದೆ.

ಮನೆಯಲ್ಲಿ ಇವತ್ತು, “ಸರ್, ಊಟಕ್ಕ ಬರ್ರಿ,” ಎಂದಳು. ನಕ್ಕೆ. ಶಿಸ್ತು ಮೈಗೂಡಿದೆ. ಅವಳು ನಗಲಿಲ್ಲ, ತಾಟು ಇಟ್ಟು ಒಳಗೆ ಹೋದಳು.

ಮೇ 14, ಬುಧವಾರ

ಹತ್ತನೆಯದರ ಫಲಿತಾಂಶ ಬಂದಿದೆ. ಶೀತಲ ಫಸ್ಟ್ ಕ್ಲಾಸು, ದೀಪಾಲಿ ಕೂಡ. ಮಾಂತು ಪೇಢೆ ಹಂಚಿದ.

ಸಂಜೆ ಸುಹಾಸ ಸರ್ ಮನೆಗೆ ಬಂದಿದ್ದರು. ಶಿವಾಜಿನಗರದ ದೊಡ್ಡ ಕ್ಲಬ್ಬಿನ ಕೋಚು. ಅವರದು ಮರದ ನೆಲದ ಅಂಗಳ, ನಮ್ಮದು ಮಹಾನಗರಪಾಲಿಕೆಯ ಸಿಮೆಂಟು. ಒಳ್ಳೆಯ ಮನುಷ್ಯ, ನನಗಿಂತ ಚಿಕ್ಕವರು. ಶೀತಲಳನ್ನು ತಮ್ಮ ಕ್ಲಬ್ಬಿಗೆ ಕೇಳಿದರು. ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಸೀಟು, ಹುಡುಗಿಯರ ಹಾಸ್ಟೆಲು, ಎಲ್ಲ ತಾವೇ ನೋಡಿಕೊಳ್ಳುತ್ತಾರಂತೆ. ಚಹಾ ಕೊಟ್ಟೆ, ಚಕ್ಕುಲಿ ಇಟ್ಟೆ, ನಮ್ಮ ಹುಡುಗಿ ಎಲ್ಲೂ ಹೋಗುವುದಿಲ್ಲ ಎಂದು ನಗುತ್ತಲೇ ಹೇಳಿ ಕಳಿಸಿದೆ.

ಶೀತಲ ಬಾಗಿಲ ಹಿಂದೆ ಇದ್ದಳು. ತಂಡದ ವಿಷಯ, ಅವಳನ್ನು ಕೇಳುವಂಥದ್ದೇನಿಲ್ಲ.

ಜೂನ್ 8, ಭಾನುವಾರ

ಇವತ್ತಿನ ಸುದ್ದಿಗೆ ಹೂಂಗುಟ್ಟುವವರು ಬೇಕಿತ್ತು.

ಅಭ್ಯಾಸ ಮುಗಿದ ಮೇಲೆ ಅವ್ವಮ್ಮ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದು, ನಿನ್ನ ಮಗಳು ಶಿವಾಜಿನಗರಕ್ಕೆ ಹೋಗುವ ಮನಸ್ಸು ಮಾಡಿದ್ದಾಳೆ, ಹೇಳಲು ಹೆದರುತ್ತಾಳೆ ಎಂದಳು. ನನ್ನ ಮಗಳ ಮಾತನ್ನು ಓಣಿಯ ಮುದುಕಿಯ ಬಾಯಲ್ಲಿ ಕೇಳಬೇಕಾಯಿತು. ಮನೆಗೆ ಬಂದು ಕೇಳಿದೆ. ಅವಳು ತವೆ ಉಜ್ಜುತ್ತಿದ್ದಳು.

“ಇಲ್ಲೇನು ಕಮ್ಮಿ ಆಗ್ಯದ ನಿಂಗ?”

“ಕಮ್ಮಿ ಏನಿಲ್ರಿ.”

“ಮರದ ನೆಲ ನೋಡಿ ಹೊಂಟಿಯೇನು?”

“ನೆಲದ್ದಲ್ರಿ.”

“ಮತ್ತೇನು? ಅವ್ವ ಕಟ್ಟಿದ ಟೀಮಿದು. ಬಿಟ್ಟು ಹೋಗ್ತಿ?”

ತವೆ ಕೈಯಿಂದ ಬಿತ್ತು. ಅದನ್ನು ಎತ್ತಲಿಲ್ಲ. “ಅವ್ವ ಟೀಮಿಗಷ್ಟೇ ಸತ್ತಾಳೇನ್ರಿ ಸರ್?” ಎಂದಳು. ಆಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರು ಬಹಳ ಹೊತ್ತು ಸುರಿಯಿತು. ನಮ್ಮ ಕಡೆ ನೀರು ಬರುವುದೇ ಕಡಿಮೆ, ಹಾಗೆ ಬಿಡಬಾರದು. ಹೇಳಲಿಲ್ಲ.

ಅವಳು ಹೇಳಿದ್ದರ ಅರ್ಥ ಏನು ಎಂದು ಯೋಚಿಸಿದೆ. ಈ ವಯಸ್ಸಿನಲ್ಲಿ ಮಾತು ಖಾರ.

ಜುಲೈ 13, ಭಾನುವಾರ

ಶೀತಲಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ಸಹಿ ಮಾಡು ಎಂದ ಕಡೆಯೆಲ್ಲ ಮಾಡಿದೆ. ತಡೆದರೆ ಆಡುವುದನ್ನೇ ಬಿಡುತ್ತಾಳೆ ಎಂದು ಅವ್ವಮ್ಮ ಹೆದರಿಸಿದ್ದಳು. ಆಡುವುದನ್ನು ಬಿಟ್ಟರೆ ಅವಳಿಗೂ ನನಗೂ ಮಾತಾಡಲು ಏನು ಉಳಿಯುತ್ತದೆ?

ಭೋಸರಿಯಿಂದ ಶಿವಾಜಿನಗರದವರೆಗೆ ಬಸ್ಸಿನಲ್ಲಿ ಅವಳು ಟ್ರಂಕಿನ ಮೇಲೆ ಕೈಯಿಟ್ಟು ಕೂತಿದ್ದಳು. ಹಾಸ್ಟೆಲಿನ ಗೇಟಿನಲ್ಲಿ ನಾನು ಮುಖ್ಯವಾದದ್ದನ್ನೆಲ್ಲ ಹೇಳಿದೆ: ಫ್ರೀ ಥ್ರೋದಲ್ಲಿ ಮಂಡಿ ಬಗ್ಗಿಸು, ರಿಂಗಿನ ಹಿಂಭಾಗ ನೋಡು, ಪಕ್ಕಕ್ಕೆ ನೋಡಬೇಡ. ಅವಳು ತಲೆಯಾಡಿಸಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ನೆನಪಾಯಿತು, ನಡುವೆ ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು. ನಾನು ಮಂಡಿಯ ಬಗ್ಗೆ ಹೇಳುತ್ತಿದ್ದೆ.

ಆಗಸ್ಟ್ 19, ಮಂಗಳವಾರ

ಮಳೆ. ಮೈದಾನದಲ್ಲಿ ನೀರು ನಿಂತಿದೆ. ಅಭ್ಯಾಸವಿಲ್ಲ.

ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕು, ಮಗಳು ಊರಿಗೆ ಹೋಗಿದ್ದಾಳೇನು ಎಂದು ಕೇಳಿದರು. ಮನೆಯೊಳಗೆ ಚೆಂಡು ಕುಟ್ಟುತ್ತಾಳೆ ಎಂದು ವರ್ಷಗಟ್ಟಲೆ ಜಗಳ ತೆಗೆದವರು. ಈಗ ಸದ್ದಿಲ್ಲದೆ ಅವರ ಮುದುಕನಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲವಂತೆ.

ಸೆಪ್ಟೆಂಬರ್ 7, ಭಾನುವಾರ

ಸಾತಾರಾ. ಗೆದ್ದೆವು, 44–29. ದೀಪಾಲಿ ಚೆನ್ನಾಗಿ ಆಡಿದಳು. ಬರುವಾಗ ಹುಡುಗಿಯರು ಕಥೆ ಕೇಳಿದರು. ಗಂಟಲು ಸರಿಯಿಲ್ಲ ಎಂದೆ.

ಅಕ್ಟೋಬರ್ 12, ಭಾನುವಾರ

ಶಿವಕಾಂತಾಳ ವರ್ಷದ ಕಾರ್ಯ. ಶೀತಲ ನಿನ್ನೆಯೇ ಬಂದಿದ್ದಳು. ಅವ್ವಮ್ಮನ ಕೈಗೆ ಏನೂ ಹತ್ತಗೊಡದೆ ಗೋಧಿ ಹುಗ್ಗಿ ತಾನೇ ಮಾಡಿದಳು. ಫೋಟೊದ ಮುಂದೆ ಎಡೆ ಇಟ್ಟು, ಅದನ್ನೇ ನೋಡುತ್ತ ಗೋಡೆಗೆ ಆತು ಕೂತಳು. ತಾಯಿಯ ಹಾಗೇ ಒಂದು ಕಾಲು ಮಡಚಿ. ಇಷ್ಟು ದಿನ ನನಗೆ ಅದು ಕಂಡಿರಲಿಲ್ಲ.

ಬಂದವರೆಲ್ಲ ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು.

“ಅಪ್ಪಾ, ಮುಂದಿನ ತಿಂಗಳ ಟೂರ್ನಮೆಂಟ್ ಅದಲ್ಲ, ನಮ್ಮ ಕ್ಲಬ್ಬಿನ ಅಂಗಳದಾಗ. ಬರ್ತೀಯಲ್ಲ?”

“ಬರದೇನ? ನಮ್ಮ ಟೀಮಿಂದು ಮೊದಲನೇ ಮ್ಯಾಚೇ ನಿಮ್ಮ ಜೋಡಿ ಬಂದದ.”

“ಅದು ಗೊತ್ತದ. ನಾ ಕೇಳಿದ್ದು…” ಎಂದು ನಿಲ್ಲಿಸಿದಳು.

ಸುಹಾಸ ಸರ್ ರಿಂಗಿನ ಕೆಳಗೆ ಯಾರನ್ನು ನಿಲ್ಲಿಸುತ್ತಾರೆ, ಎತ್ತರದ ಹುಡುಗಿಯನ್ನೋ ಅಗಲದವಳನ್ನೋ ಎಂದು ನಾನು ಕೇಳಿದೆ. ಅವಳು ಎದ್ದು ಡಬ್ಬಿ ಹುಡುಕಿದಳು. ಕ್ಲಬ್ಬಿನ ಗುಟ್ಟು ಬಿಟ್ಟುಕೊಡಬಾರದು, ಸರಿಯೇ. ನಾನು ಕಲಿಸಿದ್ದೇ ಅದು. ಹುಗ್ಗಿಯ ಡಬ್ಬಿ ಕಟ್ಟಿಕೊಂಡು ಐದರ ಬಸ್ಸಿಗೆ ಹೋದಳು.

ನವೆಂಬರ್ 15, ಶನಿವಾರ

ನಾಳೆ ಆಟ. ಅವರ ತಂಡ ನಮಗಿಂತ ಎತ್ತರ, ನಮಗಿಂತ ವೇಗ. ಆದರೆ ಸುಹಾಸ ಸರ್‌ಗೆ ಗೊತ್ತಿಲ್ಲದ ಒಂದು ಮಾತು ನನಗೆ ಗೊತ್ತಿದೆ. ದೀಪಾಲಿಯನ್ನು ಬದಿಗೆ ಕರೆದು ಹೇಳಿದೆ: ಕೊನೆಯಲ್ಲಿ ಅಂತರ ಕಡಿಮೆಯಿದ್ದು ಚೆಂಡು ಹನ್ನೊಂದರ ಕೈಯಲ್ಲಿದ್ದರೆ ಫೌಲ್ ಮಾಡು. ಗೆರೆಯ ಮೇಲೆ ನಿಲ್ಲಿಸು. ಅವಳು ನಮ್ಮ ಬೆಂಚಿನ ಕಡೆ ನೋಡುತ್ತಾಳೆ, ಚೆಂಡು ಗಿಡ್ಡ ಬೀಳುತ್ತದೆ.

ದೀಪಾಲಿ ಚೆಂಡನ್ನು ನೆಲಕ್ಕೆ ಕುಟ್ಟುವುದನ್ನು ನಿಲ್ಲಿಸಿದಳು. “ಶೀತಲ ಅಲ್ರಿ ಸರ್, ಆಕಿ?” ಎಂದಳು.

“ನಾಳೆ ಆಕಿ ಹನ್ನೊಂದು ನಂಬರು. ಅಷ್ಟೇ.”

ನವೆಂಬರ್ 16, ಭಾನುವಾರ

ಗೆದ್ದೆವು. 41–40.

ನವೆಂಬರ್ 18, ಮಂಗಳವಾರ

ಭಾನುವಾರ ಅಂಕ ಬರೆದಿಟ್ಟ ಮೇಲೆ ಪೆನ್ನು ಹಿಡಿಯಲಿಲ್ಲ. ಟೂರ್ನಮೆಂಟಿನ ಎರಡನೆಯ ಆಟ ಆಡಲಾರೆವು ಎಂದು ಅಲ್ಲಿಯೇ ಬರೆದುಕೊಟ್ಟು ಬಂದಿದ್ದೆ. ಮಾಂತು ಯಾಕೆ ಎಂದು ಕೇಳಲಿಲ್ಲ. ಇವತ್ತು ಎರಡನೇ ಪಾಳಿಗೆ ಹೋಗುವ ಮೊದಲು ಬರೆದುಬಿಡುತ್ತೇನೆ.

ಅಂಗಳಕ್ಕೆ ಇಳಿದಾಗ ಶೀತಲ ನೀಲಿ ಜೆರ್ಸಿಯಲ್ಲಿ ಓಡುತ್ತಿದ್ದಳು. ಅಲ್ಲಿಯೂ ಹನ್ನೊಂದೇ. ನನ್ನನ್ನು ನೋಡಿ ಕೈ ಎತ್ತಿದಳು, ಅರ್ಧ. ನಾನು ದೀಪಾಲಿಗೆ ಏನೋ ಹೇಳುವವನಂತೆ ತಿರುಗಿದೆ. ಮೈದಾನದಲ್ಲಿ ನಮ್ಮ ನಿಯಮ ಅದೇ.

ಆಟ ಒಳ್ಳೆಯ ಆಟ. ಕೊನೆಯವರೆಗೂ ಒಮ್ಮೆ ಅವರು ಮುಂದೆ, ಒಮ್ಮೆ ನಾವು. ಕೊನೆಯ ಗಳಿಗೆಯಲ್ಲಿ, ನಮಗೆ ಒಂದು ಅಂಕದ ಮುನ್ನಡೆ ಇದ್ದಾಗ ಶೀತಲ ಚೆಂಡು ಹಿಡಿದು ನುಗ್ಗಿದಳು. ಮುಂದೆ ದೀಪಾಲಿ ಒಬ್ಬಳೇ. ಬಿಟ್ಟರೆ ಖಂಡಿತ ಬಾಸ್ಕೆಟ್. ದೀಪಾಲಿ ಒಂದು ಗಳಿಗೆ ನನ್ನ ಕಡೆ ನೋಡಿದಳು. ನಾನು ಕೂಗಿದೆ: “ಹಿಡೀ.” ದೀಪಾಲಿ ಹಿಡಿದಳು. ಇಬ್ಬರೂ ಕೂಡಿಯೇ ನೆಲಕ್ಕೆ ಬಿದ್ದರು. ಏಳುವಾಗ ದೀಪಾಲಿ ಶೀತಲಳ ಮೊಣಕೈ ನೋಡಿದಳು, ಶೀತಲ ನನ್ನ ಕಡೆ ನೋಡಿದಳು. ಕೂಗು ಯಾರದೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಏಳು ವರ್ಷ ಕೇಳಿದ ಗಂಟಲು.

ಗೆರೆಯ ಮೇಲೆ ನಿಂತಳು. ಎರಡು ಸಲ ಚೆಂಡು ಕುಟ್ಟಿದಳು. ನಮ್ಮ ಬೆಂಚಿನ ಎಡತುದಿಗೆ ನೋಡಿದಳು, ನಾನು ಹೇಳಿದ ಹಾಗೆಯೇ.

ಆ ದಿನ ಆ ಜಾಗ ಖಾಲಿ ಇರಲಿಲ್ಲ. ಅವರ ಕ್ಲಬ್ಬಿನ ಬೆಂಚು ಚಿಕ್ಕದು, ಅವ್ವಮ್ಮ ಸರಿಯುತ್ತ ಸರಿಯುತ್ತ ತುದಿಗೆ ಬಂದಿದ್ದಳು. ಹುಡುಗಿ ತನ್ನನ್ನೇ ನೋಡುವುದನ್ನು ಅವಳು ಕಂಡಳು. ಈ ಮಗು ಹಾಕಿದರೆ ನಾವು ಸೋಲುತ್ತೇವೆ, ಹಾಕದಿದ್ದರೆ ಮಗು ಸೋಲುತ್ತದೆ, ಎರಡನ್ನೂ ನೋಡಲಾರೆ ಅನ್ನಿಸಿತು ಎಂದು ಆಮೇಲೆ ಹೇಳಿದಳು. ಆ ಗಳಿಗೆಯಲ್ಲಿ ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ಸೆರಗು ಎಳೆದು ಮುಖ ಮುಚ್ಚಿಕೊಂಡಳು.

ಶೀತಲಳ ಕೈಯಲ್ಲಿ ಚೆಂಡು ನಿಂತೇ ಹೋಯಿತು. ರೆಫರಿ ಸೀಟಿಯನ್ನು ಬಾಯಿಗೆ ಇಟ್ಟುಕೊಂಡ. ಅವಳ ಬಾಯಿ ಸ್ವಲ್ಪ ತೆರೆಯಿತು, ಯಾರನ್ನೋ ಕರೆಯುವವರ ಹಾಗೆ. ಮೊದಲನೆಯದು ರಿಂಗಿಗೆ ಮುಟ್ಟಲಿಲ್ಲ. ಎರಡನೆಯದನ್ನು ಅವಳು ನಿಜವಾಗಿ ಹಾಕಲೇ ಇಲ್ಲ, ಕೈಯಿಂದ ಬಿಟ್ಟಳು.

ನಮ್ಮ ಹುಡುಗಿಯರು ಕುಣಿದರು, ದೀಪಾಲಿಯೊಬ್ಬಳನ್ನು ಬಿಟ್ಟು. ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಬಂದು ಇಬ್ಬರೂ ಕೋಚುಗಳ ಕಾಲು ಮುಟ್ಟುವುದು ಇಲ್ಲಿಯ ರೂಢಿ. ನೀಲಿ ಸಾಲಿನಲ್ಲಿ ಶೀತಲಳೂ ಬಂದು ಬಗ್ಗಿ ಮುಟ್ಟಿದಳು, ಮುಂದೆ ಹೋದಳು. ನನ್ನ ಬೂಟಿನ ಮೇಲೆ ಒಂದೆರಡು ಹನಿ ಇದ್ದವು. ಅಷ್ಟು ಓಡಿದವರಿಗೆ ಬೆವರು ಬರುತ್ತದೆ.

ಭೋಸರಿಯಲ್ಲಿ ಅವ್ವಮ್ಮ ವ್ಯಾನಿನಿಂದ ಇಳಿಯುತ್ತ ಹೇಳಿದಳು: “ಗೆದ್ದಿ ಬಿಡಪಾ ದೇವಾನಂದ. ಮನಿಗೆ ಹೋಗಿ ಯಾರಿಗಿ ಹೇಳ್ತಿ ಈಗ?”

ನವೆಂಬರ್ 23, ಭಾನುವಾರ

ಅಭ್ಯಾಸಕ್ಕೆ ಹೋಗಲಿಲ್ಲ. ದೀಪಾಲಿಯೇ ನಡೆಸಿರಬೇಕು.

ಶಿವಾಜಿನಗರಕ್ಕೆ ಹೋದೆ. ಸಜ್ಜಿ ರೊಟ್ಟಿ, ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡು ಹೋಗಿದ್ದೆ. ರೊಟ್ಟಿ ನಾನೇ ತಟ್ಟಿದ್ದು, ದೇಶದ ನಕ್ಷೆಗಳ ಹಾಗೆ ಬಂದಿದ್ದವು. ಹಾಸ್ಟೆಲಿನ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಶೀತಲ, ನಾನು ಕೂತೆವು. ಮೊಣಕೈಗೆ ಬ್ಯಾಂಡೇಜು ಇತ್ತು. ನೋವದೇನು ಎಂದೆ. ಇಲ್ಲ ಎಂದಳು. ಡಬ್ಬಿಯನ್ನು ತೆರೆಯಲಿಲ್ಲ, ತೊಡೆಯ ಮೇಲಿಟ್ಟುಕೊಂಡಳು.

“ಅಲ್ಲಿ ನೋಡಬಾರ್ದು ಅಂತ ನಂಗೂ ಗೊತ್ತದ,” ಎಂದಳು. “ಅವ್ವ ಮುಖ ಮುಚ್ಕೊಂಡ್ರ ನಂಗ ನಗು ಬರ್ತಿತ್ತು. ನಗು ಬಂದ್ರ ಕೈ ಹಗರಾಗ್ತಿತ್ತು. ಈಗೂ ಕುತ್ತಿಗಿ ತಾನೇ ತಿರಗ್ತದ. ಯಾಕ ನೋಡ್ತೀನಿ ಅಂತ ನಿಂಗ ಗೊತ್ತಿರಲಿಲ್ಲೇನು?”

ಗೊತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಅವಳ ಸುಳ್ಳು ನನಗೆ ತಿಳಿಯುತ್ತದೆ, ನನ್ನದು ಅವಳಿಗೆ ತಿಳಿಯುತ್ತದೆ.

“ಗೊತ್ತಿತ್ತು,” ಎಂದೆ.

ಅವಳು ರಸ್ತೆಯ ಕಡೆ ತಿರುಗಿದಳು. ಭಾನುವಾರ, ರಸ್ತೆ ಖಾಲಿ ಇತ್ತು.

“ಅವ್ವ ಹೋದ ಮ್ಯಾಲ ಮನಿಯಾಗೂ ನೀ ಸರೇ ಇದ್ದಿ. ಊಟದಾಗೂ ಮಂಡಿ ಬಗ್ಗಸು, ಮಲಗೂ ಮುಂದೂ ಮಂಡಿ ಬಗ್ಗಸು. ಸುಹಾಸ ಸರ್ ನಮಗ ಸರ್ ಆದ್ರ, ನೀ ಅಪ್ಪ ಆಗ್ತಿ ಅಂತ ಮಾಡಿದ್ದೆ. ಅದಕ್ಕ ಬಂದೆ ಇಲ್ಲಿಗಿ. ನೆಲ ನೋಡಿ ಅಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಕಣ್ಣೊರೆಸುವ ಕೆಲಸವಾದರೂ ಇರುತ್ತಿತ್ತು. ಎಷ್ಟೋ ಕಥೆ ಹೇಳಿದ ಬಾಯಿ ನನ್ನದು. ರಾಜನಿಗೆ ಏನು ಹೇಳಬೇಕು, ರಾಕ್ಷಸನಿಗೆ ಏನು ಹೇಳಬೇಕು, ಎಲ್ಲ ಗೊತ್ತು. ಹಸಿವಾಗಿದ್ದರೆ ತಿನ್ನು ಎಂದೆ. ತಿನ್ನುತ್ತೇನೆ, ಆಮೇಲೆ ಎಂದಳು.

ಏಳುವಾಗ ಕೇಳಿದೆ: “ಮುಂದಿನ ಮ್ಯಾಚ್ ನೋಡ್ಲಿಕ್ಕ ಬರ್ಲೇನವಾ?”

“ಟಿಕೀಟೇನಿಲ್ಲ,” ಎಂದಳು. “ಯಾರರ ಬರಬಹುದು.”

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಮೈದಾನಕ್ಕೆ ಹೋದೆ. ಚಿಕ್ಕ ಹುಡುಗಿಯೊಬ್ಬಳು ತಡವಾಗಿ ಬಂದು ತಾನೇ ಓಡಲು ಶುರು ಮಾಡಿದಳು. ನಿಲ್ಲಿಸಿ, ಮನೆಯಲ್ಲಿ ಏನಾಗಿತ್ತು ಎಂದು ಕೇಳಿದೆ. ತಮ್ಮನಿಗೆ ಜ್ವರವಂತೆ. ಹೋಗಿ ಆಡು ಎಂದೆ. ದೀಪಾಲಿ ನನ್ನ ಮುಖ ನೋಡಿದಳು. ಆ ಮ್ಯಾಚಿನ ದಿನದಿಂದ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಶೀತಲ ಅವಳ ಫೋನೂ ಎತ್ತುತ್ತಿಲ್ಲ ಎಂದು ಮಾಂತು ಹೇಳಿದ. ಹಿಡಿದವಳು ದೀಪಾಲಿ, ಹಿಡಿಸಿದವನು ನಾನು ಎಂದು ಅವನಿಗೆ ಹೇಳಿದೆ. ಗೊತ್ತು ಬಿಡ್ರಿ ಎಂದ.

ಡಿಸೆಂಬರ್ 14, ಭಾನುವಾರ

ಹೋದೆ. ಶೀತಲಳ ಮ್ಯಾಚಿಗೆ ನಮ್ಮ ಕ್ಲಬ್ಬಿನ ಜಾಕೆಟ್ಟು ಬಿಟ್ಟು ಬರಿಯ ಅಂಗಿಯಲ್ಲಿ ಹೋದೆ, ಚಳಿಯಾಯಿತು. ಮೊದಲ ಸಲ ಗ್ಯಾಲರಿಯ ಮೆಟ್ಟಿಲು ಹತ್ತಿದ್ದು. ಎಲ್ಲಿ ಕೂಡಬೇಕೆಂದು ತಿಳಿಯದೆ, ಮಂದಿ ಕೂತ ಕಡೆ ಕೂತೆ. ಮೇಲಿನಿಂದ ಅಂಗಳ ಚಿಕ್ಕದಾಗಿ ಕಾಣುತ್ತದೆ, ಹುಡುಗಿಯರು ಇನ್ನೂ ಚಿಕ್ಕವರಾಗಿ.

ಸುಹಾಸ ಸರ್ ನನ್ನನ್ನು ನೋಡಿ ಕೆಳಗೆ ಬನ್ನಿ ಎಂದು ಕೈ ಮಾಡಿದರು. ಬೇಡ ಎಂದು ಕೈ ಮಾಡಿದೆ.

ಪಕ್ಕದಲ್ಲಿ ಕೂತ ಹೆಂಗಸು ಸ್ವೆಟರು, ನೀರಿನ ಬಾಟಲಿ ಎಲ್ಲ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಿಮ್ಮ ಮಗಳು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ತೋರಿಸಿದೆ. ಚೆನ್ನಾಗಿ ಆಡುತ್ತಾಳಾ ಎಂದು ಕೇಳಿದಳು.

“ಸೊರಗ್ಯಾಳ,” ಎಂದೆ. ಕನ್ನಡದಲ್ಲೇ ಬಂದುಬಿಟ್ಟಿತು. ಆಕೆಗೆ ತಿಳಿಯಲಿಲ್ಲ. ಸರಿಯಾಗಿ ಊಟ ಮಾಡುತ್ತಿಲ್ಲ ಅನ್ನಿಸುತ್ತದೆ ಎಂದು ಮರಾಠಿಯಲ್ಲಿ ಹೇಳಿದೆ. ಹಾಸ್ಟೆಲಿನ ಅನ್ನವೇ ಹಾಗೆ, ನನ್ನವಳೂ ಇಳಿದುಹೋಗಿದ್ದಾಳೆ ಎಂದಳು ಆಕೆ. ಶೀತಲಳ ಬೆನ್ನ ಮೇಲಿನ ಎಲುಬು ಜೆರ್ಸಿಯ ಹೊರಗೆ ಕಾಣುತ್ತಿತ್ತು. ಕೂದಲನ್ನು ಹೆಗಲವರೆಗೆ ಕತ್ತರಿಸಿಕೊಂಡಿದ್ದಾಳೆ. ಜಡೆ ಹಾಕುವವರು ಯಾರೂ ಇಲ್ಲದೆ ಇರಬೇಕು. ಅದು ಯಾವಾಗ ಆಯಿತೋ, ಗೇಟಿನ ಹತ್ತಿರ ಕೂತ ದಿನವೇ ಹಾಗಿತ್ತೋ ಏನೋ, ನೆನಪಿಲ್ಲ.

ಆಟ ಮುಗಿಯಿತು. ಹುಡುಗಿಯರೆಲ್ಲ ಗ್ಯಾಲರಿಯ ಕೆಳಗೆ ಬಂದರು, ತಮ್ಮ ತಮ್ಮ ಮಂದಿಯ ಹತ್ತಿರ. ಪಕ್ಕದ ಹೆಂಗಸು ಸ್ವೆಟರು ಹಿಡಿದು ಇಳಿದು ಹೋದಳು. ಶೀತಲ ಬರಲಿಲ್ಲ. ಅಂಗಳದ ಆಚೆ ತುದಿಯಲ್ಲಿ ನೆಲದ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಮಂದಿ ಖಾಲಿಯಾದರು. ನಾನು ಇಳಿಯಲಿಲ್ಲ. ಇಳಿದರೆ ಎದ್ದು ಹೋಗುತ್ತಾಳೇನೋ ಎಂದು ಭಯ.

ಬಾಗಿಲು ಹಾಕುವವನು ಬಂದು ಹೊರಗೆ ನಡೆಯಿರಿ ಎನ್ನುವ ತನಕ ಕೂತಿದ್ದೆ. ಅವಳೂ ಕೂತಿದ್ದಳು.